ಅಭಯನ ನಗು

"ಬಿದ್ದ ಕಳ್ಳನನ್ನ ಕೈ ಹಿಡಿದು ಎಬ್ಬಿಸೋ ಹೀರೋ ಈಗ ಯಾರಿಗೂ ಬೇಡ ಸರ್. ಈ ಸಲ ಅಭಯ ಆ ಕೈ ಮುರೀಲಿ. ನಗ್ತಾ ಮುರೀಲಿ," ಎಂದು ಸಂಪಾದಕ ಫೋನಿಟ್ಟ. ಮೂವತ್ತೆಂಟು ವರ್ಷದಿಂದ ಅಭಯನ ಕಾಮಿಕ್ಸ್ ಬರೆಯುತ್ತ ಬಂದಿದ್ದ ಚಿತ್ರಕಾರ, ಮೇಜಿನ ಮೇಲಿದ್ದ ಪುಟ್ಟ ಕನ್ನಡಿಯನ್ನು ತನ್ನತ್ತ ತಿರುಗಿಸಿಕೊಂಡ.

ಅಭಯನ ಮುಖದಲ್ಲಿ ಏನೇ ಮೂಡಬೇಕಿದ್ದರೂ ಅದನ್ನು ಮೊದಲು ತನ್ನ ಮುಖದಲ್ಲಿ ತಂದುಕೊಂಡು, ಕನ್ನಡಿ ನೋಡಿಯೇ ಅವನು ಬರೆಯುವುದು. ಬಿದ್ದವನಿಗೆ "ಏಳಪ್ಪಾ" ಅನ್ನುವ ಆ ಕರುಣೆಯ ಮುಖಕ್ಕಂತೂ ಪ್ರತಿ ಸಂಚಿಕೆಗೂ ಅರ್ಧ ದಿನ ಒದ್ದಾಡುತ್ತಿದ್ದ. ಹುಬ್ಬು ಕೂತರೆ ತುಟಿ ಕೂರುತ್ತಿರಲಿಲ್ಲ. "ಮದುವೆ ಗಂಡೂ ಇಷ್ಟು ಹೊತ್ತು ಕನ್ನಡಿ ನೋಡಲ್ಲ ಬಿಡಿ," ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ಈ ಕೈ ಮುರಿಯುತ್ತ ನಗುವ ಮುಖವಂತೂ ಎರಡು ದಿನವಾದರೂ ಸಿಗಲಿಕ್ಕಿಲ್ಲ ಅಂದುಕೊಂಡ. ಸಿಗದಿರಲಿ ಎಂಬ ಆಸೆಯೂ ಇತ್ತು. ಸಿಗದಿದ್ದರೆ ಸಂಪಾದಕನಿಗೆ, "ಇದು ನನ್ನ ಕೈಲಾಗಲ್ಲಪ್ಪ, ಬೇರೆಯವರನ್ನ ನೋಡ್ಕೋ," ಎಂದು ತಲೆಯೆತ್ತಿ ಹೇಳಬಹುದಿತ್ತು. ಬಿದ್ದವನ ಬೆರಳುಗಳನ್ನು ಮನಸ್ಸಿನಲ್ಲೇ ಹಿಡಿದು, ಮೆಲ್ಲಗೆ ಹಿಂದಕ್ಕೆ ಬಾಗಿಸುತ್ತ ಕನ್ನಡಿ ನೋಡಿದ.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. "ಯಾಕ್ರೀ ಹಾಗೆ ನಗ್ತಿದೀರಾ?" ಎಂದಳು. ಲೋಟ ಕೊಡಲು ಹತ್ತಿರ ಬರಲಿಲ್ಲ.

ಅವನು ಮತ್ತೆ ಕನ್ನಡಿ ನೋಡಿದ. ಹುಬ್ಬು, ಕಣ್ಣು, ತುಟಿ, ಎಲ್ಲವೂ ಮೊದಲ ಸಲಕ್ಕೇ ಕೂತುಬಿಟ್ಟಿದ್ದವು.