ಒಂಬತ್ತರ ಮೇಲೆ ಬಿದ್ದ ಚುಕ್ಕೆ

ನನ್ನ ನೆನಪು ಸವೆದಿದೆ ಅನ್ನೋರೆಲ್ಲ ತೆಪ್ಪಗೆ ಕೇಳಿ. ಅಧಿವೇಶನಕ್ಕೆ ಪ್ರಶ್ನೆ ಕೊಡೋ ಕೊನೇ ದಿನ, ನಮ್ಮೂರ ಶಾಸಕನ ಪೆನ್ನು ಒಂಬತ್ತು ಪ್ರಶ್ನೆಗಳ ಪಟ್ಟಿಯ ಮೇಲೆ ನಿಂತಿತ್ತು. ಅವನು ಚುಕ್ಕೆ ಇಟ್ಟ ಒಂದೇ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ಉತ್ತರ ಕೊಡಬೇಕು, ಮಿಕ್ಕವು ಕಡತಕ್ಕೆ. ಮೊದಲನೆಯದು ಕ್ರೀಡಾಂಗಣ, ಕೊನೆಯದು ಹೆರಿಗೆ ವಾರ್ಡಿಗೆ ನೀರು.

"ಅಣ್ಣಾ, ವೋಟು ಕೇಳೋವಾಗ ನಮ್ಮ ವಾರ್ಡೇ ಮೊದಲು ಅಂದಿದ್ದೆ," ಅಂದಳು ಅದೇ ವಾರ್ಡಲ್ಲಿ ನರ್ಸಾಗಿದ್ದ ಅವನ ತಂಗಿ. "ಬಾಣಂತಿಯರಿಗೆ ಇನ್ನೂ ಮಹಡಿಗೆ ಬಕೆಟ್ ಹೊರ್ತಾ ಇದೀನಿ."

"ಮುಂದಿನ ಸಲ ನೋಡೋಣಮ್ಮಾ, ಈ ಸಲ ಕ್ರೀಡಾಂಗಣ. ಥೂ, ಈ ಪೆನ್ನು ಬೇರೆ ಬರೀತಿಲ್ಲ."

"ಕೊಡು ಇಲ್ಲಿ," ಅಂತ ಇಸ್ಕೊಂಡು ಒಮ್ಮೆ ಕೊಡವಿದಳು. ಶಾಯಿಯ ಹನಿ ಸರಿಯಾಗಿ ಒಂಬತ್ತರ ಮೇಲೆ ಬಿತ್ತು.

ಪಟ್ಟಿಗೆ ಕಾಯ್ತಾ ನಿಂತಿದ್ದ ಸದನದ ಗುಮಾಸ್ತ ಅದನ್ನ ಎಳ್ಕೊಂಡ. "ಚುಕ್ಕೆ ಬಿತ್ತು ಸಾರ್, ಇನ್ನು ಅಳಿಸೋ ಹಾಗಿಲ್ಲ," ಅಂತ ಮೊಹರು ಒತ್ತಿದ.

ತಂಗಿ ಪೆನ್ನಿಗೆ ಮುಚ್ಚಳ ಹಾಕಿ ಅಣ್ಣನ ಜೇಬಿಗೆ ಸಿಕ್ಕಿಸಿದಳು. ಈ ಕತೇನ ನಿಮ್ಮ ಶಾಸಕರಿಗೂ ಕಳಿಸ್ರಪ್ಪಾ.