ಪ್ರಾರ್ಥನೆಯ ಕೊನೆಯ ಸಾಲು

ಊಟದ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಲಕ್ವ ಹೊಡೆದ ಮೇಲೆ ಚರ್ಚಿನ ಹಿರಿಯ ಓರಿನ್‌ಗೆ ಮಾತು ಹೀಗೆ ನಡುವೆ ಕೈಕೊಡುತ್ತಿತ್ತು. ಮೇಜಿನ ಸುತ್ತ ಮೂವರೂ ಕೈ ಕೈ ಹಿಡಿದು ಕೂತಿದ್ದರು. ಅವನ ಹೆಂಡತಿ ಲೊರೆಟಾ ಮಾಡಿದ ಆಲೂಗಡ್ಡೆಯ ಬಿಸಿ ಖಾದ್ಯ ಆರುತ್ತಿತ್ತು.

ಓರಿನ್‌ನ ಗೆಳೆಯ ವೆಂಡೆಲ್ ಮಾತ್ರ ಕಣ್ಣು ಮುಚ್ಚಿರಲಿಲ್ಲ. ಎಂದೂ ಮುಚ್ಚಿದವನಲ್ಲ. ಬೈಬಲ್ಲಿನ ಹುಳುಕು ಹುಡುಕುವುದೇ ಅವನ ಹವ್ಯಾಸ. ಪ್ರತಿ ಗುರುವಾರ ಚೀಲದ ತುಂಬ ಪುಸ್ತಕ ಹೊತ್ತು ಬಂದು, ಆಮೆನ್ ಮುಗಿದ ಕೂಡಲೇ ಗೆಳೆಯನ ಜೊತೆ ವಾದಕ್ಕಿಳಿಯುತ್ತಿದ್ದ. ಇವತ್ತು ಚೀಲ ಬಿಚ್ಚಲೂ ಮನಸ್ಸಿರಲಿಲ್ಲ. ಈ ಓರಿನ್‌ನನ್ನು ಗೆದ್ದು ಏನಾಗಬೇಕು?

“ಈ ಊಟಕ್ಕೆ... ಮಾಡಿದ ಕೈಗೆ... ಆಮೇಲೆ... ಆಮೇಲೆ...” ಓರಿನ್‌ನ ಬೆರಳುಗಳು ವೆಂಡೆಲ್‌ನ ಅಂಗೈಯನ್ನು ಹಿಂಡಿದವು.

“ಸಾಕು ಬಿಡು ಓರಿನ್. ದೇವ್ರಿಗೆ ಅರ್ಥ ಆಗತ್ತೆ,” ಎಂದಳು ಲೊರೆಟಾ.

ಓರಿನ್ ಒಲ್ಲೆನೆಂದು ತಲೆಯಾಡಿಸಿದ.

ಓರಿನ್ ಪ್ರತಿ ಸಲ ಹೇಳುತ್ತಿದ್ದ ಆ ಕೊನೆಯ ಸಾಲು ವೆಂಡೆಲ್‌ಗೆ ಬಾಯಿಪಾಠವಾಗಿತ್ತು. ಅದನ್ನು ಕೇಳಿದಾಗಲೆಲ್ಲ “ನನ್ನನ್ಯಾಕೋ ಎಳೀತೀಯ ಇದ್ರೊಳಗೆ?” ಎಂದು ರೇಗುತ್ತಿದ್ದವನು ಅವನೇ. ಈಗ ನಿಟ್ಟುಸಿರಿಟ್ಟು, ತಟ್ಟೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದ: “ಆಮೇಲೆ, ಈ ಮೊಂಡ ವೆಂಡೆಲ್‌ನ ಮಾತ್ರ ಮರೀಬೇಡಪ್ಪಾ, ದೇವ್ರೇ.”

“ಆಮೆನ್,” ಎಂದ ಓರಿನ್, ಒಂದಿಷ್ಟೂ ತಡವರಿಸದೆ.