ಅಂಗೈಯಲ್ಲಿ ಓತಿಕ್ಯಾತ

"ಇನ್ನ ಸಾಯೂತನಾ ಓತಿಕ್ಯಾತ ಮುಟ್ಟಂಗಿಲ್ಲ" ಎಂದು ಗುರುಬಸವ ಅಕ್ಕನ ಕೈಮೇಲೆ ಕೈಯಿಟ್ಟು ಆಣೆ ಮಾಡಿದಾಗ ಅವನಿಗೆ ಹನ್ನೊಂದು ವರ್ಷ. ಚೊಚ್ಚಲ ಹೆರಿಗೆಗೆ ಹುಬ್ಬಳ್ಳಿಯ ತವರಿಗೆ ಬಂದಿದ್ದ ಅಕ್ಕ ಶಿವಲಿಂಗವ್ವ ಹಿತ್ತಲಿಗೆ ಹೋಗಿ ನೋಡಿದರೆ, ತಮ್ಮ ಕುಣಿಕೆ ಹಾಕಿ ಹಿಡಿದ ಓತಿಕ್ಯಾತವನ್ನು ಕಲ್ಲಿನಿಂದ ಜಜ್ಜಿ ಮುಗಿಸಿದ್ದ. ಒಡೆದ ಹೊಟ್ಟೆಯಿಂದ ಬಿಳಿ ಮೊಟ್ಟೆಗಳು ಮಣ್ಣಿಗೆ ಉರುಳಿದ್ದವು. ಅಕ್ಕ ತನ್ನ ಹೊಟ್ಟೆ ಹಿಡಿದುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

ಆ ಮಾತನ್ನು ಅವನು ಮೂವತ್ತು ವರ್ಷ ಉಳಿಸಿಕೊಂಡಿದ್ದ. ಮೆಲ್ಬರ್ನಿನ ಪಾಯಿಂಟ್ ಕುಕ್‌ನ ಮನೆಯಲ್ಲಿ ಮಗಳು ವಿಜೇತಾ ಹಟ ಹಿಡಿದು, ಅದಕ್ಕೆ ಬೇಕಾದ ಸರ್ಕಾರಿ ಲೈಸೆನ್ಸ್ ಮಾಡಿಸಿ, ಗಂಟಲಲ್ಲಿ ಮುಳ್ಳುಗಡ್ಡವಿರುವ ಅಲ್ಲಿಯ ಓತಿಕ್ಯಾತವೊಂದನ್ನು ತಂದು ಜಿಂಜರ್ ಎಂದು ಹೆಸರಿಟ್ಟು ಸಾಕಿದಾಗ, ಗಾಜಿನ ಪೆಟ್ಟಿಗೆ ಹೊತ್ತು ತಂದವನು ಅವನೇ, ಕಾವಿನ ದೀಪ ಜೋಡಿಸಿದವನೂ ಅವನೇ. ಕೈ ಮಾತ್ರ ತಾಗಿಸಿರಲಿಲ್ಲ.

ಈಗ ಜಿಂಜರ್ ಐದು ದಿನದಿಂದ ಒಂದು ಎಲೆ ತಿಂದಿಲ್ಲ, ಒಂದು ಹುಳು ತಿಂದಿಲ್ಲ. ಹಗಲಿಡೀ ಗಾಜಿನ ಮೂಲೆ ಕೆರೆಯುತ್ತಿತ್ತು. ವೈದ್ಯೆ ಹೊಟ್ಟೆ ಒತ್ತಿ ನೋಡಿ, ಒಳಗೆ ಮೊಟ್ಟೆ ಇವೆ ಎಂದಿದ್ದಳು. ಗಂಡಿಲ್ಲದಿದ್ದರೂ ಇಡುತ್ತವಂತೆ, ಮರಿಯಾಗುವುದಿಲ್ಲ ಅಷ್ಟೆ. ಆದರೆ ಇದಕ್ಕೆ ಇಡುವಷ್ಟು ಶಕ್ತಿಯಿಲ್ಲ. ಒದ್ದೆ ಮರಳಿನ ತೊಟ್ಟಿ ಇಡಿ, ದಿನಕ್ಕೆರಡು ಸಲ ಕ್ಯಾಲ್ಸಿಯಂ ಹನಿ ಹಾಕಿ, ಶನಿವಾರದೊಳಗೆ ಆಗದಿದ್ದರೆ ಆಪರೇಷನ್, ಉಳಿಯುವ ಭರವಸೆ ಕಡಿಮೆ. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಹನಿ ಹಾಕಬೇಕು. ಯಾವಾಗಲೂ ಹಿಡಿಯುತ್ತಿದ್ದ ಹೆಂಡತಿ ಸಂಧ್ಯಾರಾಣಿ ಆಫೀಸಿನ ಟ್ರೇನಿಂಗ್ ಎಂದು ಸಿಡ್ನಿಗೆ ಹೋಗಿದ್ದಳು. ವಿಜೇತಾಳ ಎಡಗೈ ಪ್ಲಾಸ್ಟರಿನಲ್ಲಿತ್ತು.

"ಅಪ್ಪಾ, ಪ್ಲೀಸ್. ಜಸ್ಟ್ ಹೋಲ್ಡ್ ಹರ್."

"ನಿಮ್ಮ ಮಮ್ಮಿ ಬರೂತನಾ ತಡಿಯವಾ."

"ಮಮ್ಮಿ ಬರೋದು ಸಂಡೇ! ಅಷ್ಟರಾಗ ಶೀ ವಿಲ್ ಡೈ. ನಿನಗ ಅಕಿ ಅಂದ್ರ ಹೇಸಿಕಿ. ಐ ನೋ."

ಹೌದು ಎಂದುಬಿಟ್ಟರೆ ಸುಲಭವಿತ್ತು. ಗುರುಬಸವ ಕೆಲಸದ ಬೂಟನ್ನೂ ಬಿಚ್ಚದೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಹೇಸಿಕಿ ಅಲ್ಲವಾ. ಸಣ್ಣಾಂವ ಇದ್ದಾಗ ಇಂಥಾವನ್ನ ಕೊಂದೀನಿ. ಇನ್ನ ಮುಟ್ಟಂಗಿಲ್ಲಂತ ನಿಮ್ಮ ಶಿವಲಿಂಗವ್ವ ಅತ್ತಿ ಮುಂದ ಆಣಿ ಮಾಡೀನಿ."

"ಹೌ ಮೆನಿ?"

"ಎಣಿಸಿಲ್ಲ."

"ಯಾಕ ಕೊಂದಿ?"

"ಎಲ್ಲಾ ಹುಡುಗ್ರೂ ಮಾಡ್ತಿದ್ರು" ಎಂದ. ಅಂದ ಮೇಲೆ ಅದು ತೀರ ಸಣ್ಣ ಮಾತೆನಿಸಿ, "ಕಡೀಕ ಕೊಂದದ್ದರ ಹೊಟ್ಟ್ಯಾಗ ತತ್ತಿ ಇದ್ದವು" ಎಂದೂ ಹೇಳಿಬಿಟ್ಟ.

ವಿಜೇತಾ ಜಿಂಜರ್ ಕಡೆ ತಿರುಗಿದಳು. ಅದು ಕೆರೆಯುವುದನ್ನೂ ಬಿಟ್ಟು ಮೂಲೆಗೆ ಒರಗಿತ್ತು.

"ಕೈ ತೊಳ್ಕೊ" ಎಂದಳು. "ಬಿಸಿ ನೀರಾಗ. ಕೋಲ್ಡ್ ಹ್ಯಾಂಡ್ಸ್ ಅಕಿಗೆ ಆಗಂಗಿಲ್ಲ."

ತೊಳೆದು ಬಂದ. ಮಗಳು ಹೇಳಿಕೊಟ್ಟಂತೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಬಾಲದ ಬುಡಕ್ಕೆ ಕೊಟ್ಟು ಎತ್ತಿದ. ಅದು ಅವನು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ತೆಳು ಚರ್ಮದಾಚೆ ಮೊಟ್ಟೆಗಳು ಗೋಲಿಗಳ ಹಾಗೆ ಬೆರಳಿಗೆ ಸಿಕ್ಕವು.

"ಹಿಂಗ ನಡುಗಿದ್ರ ಔಷಧ ಎಲ್ಲಾ ನಿನ್ನ ಪ್ಯಾಂಟಿಗೇ ಬೀಳ್ತದ" ಎಂದು ವಿಜೇತಾ ರೇಗಿದಳು. "ಬ್ರೀದ್, ಅಪ್ಪಾ."

ಮೂತಿಯ ಮೇಲೆ ಬಿದ್ದ ಹನಿಯನ್ನು ಜಿಂಜರ್ ಒಮ್ಮೆ ನೆಕ್ಕಿತು. ತಡೆದು, ಇನ್ನೊಮ್ಮೆ.

ಅದು ಗುರುವಾರ ಸಂಜೆ. ಶುಕ್ರವಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮತ್ತೆ ಶನಿವಾರ ಬೆಳಿಗ್ಗೆ. ಆಮೇಲೆ ಜಿಂಜರ್ ಬಾಲವಷ್ಟೇ ಕಾಣುವಂತೆ ತೊಟ್ಟಿಯ ಮರಳಿನೊಳಗೆ ತೋಡುತ್ತ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ಮೊಟ್ಟೆ ಇಟ್ಟು, ಜೋತ ಹೊಟ್ಟೆ ಎಳೆದುಕೊಂಡು ಬಂದು ದೀಪದ ಕೆಳಗೆ ಮಲಗಿತು. ಅಕ್ಕನಿಗೆ ಕೊಟ್ಟ ಮಾತನ್ನು ಗುರುಬಸವ ಎರಡು ದಿನದಲ್ಲಿ ನಾಲ್ಕು ಸಲ ಮುರಿದಿದ್ದ.